ಹತ್ತು ಅಂಕದ ಪ್ರಶ್ನೆ

ಕಲಬುರಗಿಯ ಮೇ ತಿಂಗಳು. ಮೌಲ್ಯಮಾಪನ ಕೇಂದ್ರದ ಫ್ಯಾನು
ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತಿದೆ.
ಮೇಜಿನ ಮೇಲೆ ನಲವತ್ತು ಪತ್ರಿಕೆಗಳ ಕಟ್ಟು,
ಕೆಂಪು ಪೆನ್ನು, ಮೆತ್ತಗಾದ ಬಿಸ್ಕೀಟು, ಮಾದರಿ ಉತ್ತರದ ಹಾಳೆ:

ಗುರಿ ಇದ್ದು ದಾರಿ ಇಲ್ಲದಿದ್ದರೆ ನಿಯಮಶೂನ್ಯತೆ, ಎರಡು ಅಂಕ.
ಚಟವೂ ಒಂದು ಕಲಿಕೆ, ಸಹವಾಸದಿಂದ ಬರುವಂಥದು, ಎರಡು.
ಬಂಧ ಸಡಿಲಾದರೆ ಮನುಷ್ಯ ಜಾರುತ್ತಾನೆ, ಎರಡು.
ಹಣೆಪಟ್ಟಿ ಸಿದ್ಧಾಂತಕ್ಕೆ ಮೂರು.
ಉಪಸಂಹಾರಕ್ಕೆ ಒಂದು.

ಮೂವತ್ತೊಂದನೆಯ ಪತ್ರಿಕೆಗೆ ಹೆಸರಿಲ್ಲ. ಯಾವುದಕ್ಕೂ ಇರುವುದಿಲ್ಲ,
ಬರೀ ಒಂದು ನಂಬರು ಅಂಟಿಸಿರುತ್ತಾರೆ.
ದುಂಡನೆಯ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯುತ್ತವೆ,
ಹಳ್ಳಕ್ಕೆ ನೀರು ಕುಡಿಯಲು ಹೊರಟ ಎಮ್ಮೆಗಳಂತೆ.

"ವಿಚಲಿತ ವರ್ತನೆ ಅಂದರ ನಮ್ಮಣ್ಣ ಮೊಗಲಪ್ಪ.
ಗುರುಮಠಕಲ್ ಕಡಿಂದ ಶಹಾಬಾದಿಗೆ ಪರಸಿ ಕಡಿಲಾಕ ಬಂದಿದ್ದ.
ಮೊದಲ ದಿನ ಶೇಂದಿ ಕುಡಿದು ವಾಂತಿ ಮಾಡ್ಯಾನ್ರಿ.
'ಹಂಗಲ್ಲೋ, ಮೂಗು ಹಿಡಕೊಂಡು ನುಂಗು,
ನಾಲಿಗಿಗೆ ಹತ್ತಗೊಡಬ್ಯಾಡ' ಅಂತ ಮುಕಡಮ ಆಶಪ್ಪ ಕಲಿಸ್ಯಾನ,
ಮಗ್ಗಿ ಕಲಿಸಿದಂಗ. ಮೂರನೇ ದಿನಕ್ಕ ರುಚಿ ತಿಳೀತು.
ಅದರಾಗ ಪುಡಿ ಅದ ಅಂತ ಯಾರಿಗೆ ಗೊತ್ತು?
ಮಾರವ್ರಿಗೆ ಗೊತ್ತಿತ್ತು. ಮಾರವ್ರ ಹೆಸರು ಪಾಠದಾಗ ಇಲ್ಲ.

ಮುಂದ ಶೇಂದಿ ಬಂದ್ ಆತು. ಮೂರು ದಿನ ಕೈ ನಡುಗಿ
ಗ್ವಾಡಿ ಮ್ಯಾಲಿನ ಹಲ್ಲಿ ಕೂಡ ಮಾತಾಡ್ಯಾನ.
ಅವ್ವ ಅವನ ತಲಿ ತೊಡೀ ಮ್ಯಾಲ ಇಟಕೊಂಡು ಕೂತಾಳ.
ಬಂಧ ಅಂತ ಬರೀಬೇಕಲ್ರಿ? ಅದು ಇದ್ದೇ ಇತ್ತು.

ಅಂವ ಪುಡಿ ಬಿಟ್ಟು ನಾಕು ವರ್ಷ ಆತು.
ಊರಿಗೆ ಇನ್ನಾ ಬಿಡಲಾಕ ಆಗಿಲ್ಲ.
ಯಾರದರ ಸೈಕಲ್ ಕಳೀಲಿ, ಪುಡಿ ಮೊಗ್ಯಾ.
ಸಾಲಿ ನಲ್ಲಿ ಕಳುವಾಗಲಿ, ಪುಡಿ ಮೊಗ್ಯಾ.
ಹೆಣ್ಣು ನೋಡಲಾಕ ಚಿತ್ತಾಪುರಕ್ಕ ಹೋದ್ರ
ನಮಗಿಂತ ಮೊದಲು ಹೆಸರೇ ಬಸ್ಸಿನಾಗ ಹೋಗಿ ಕೂತಿತ್ತು.
ಹೋದ ಶ್ರಾವಣದಾಗ ಅಂವ ಅಂದ: ತಂಗಿ,
ಹೆಸರು ಹೆಂಗೂ ಇಟ್ಟಾರ, ಅದರ ಬಾಡಿಗಿಯರ ವಸೂಲಿ ಮಾಡಲೇನು?"

ಅಲ್ಲಿಗೆ ಹಾಳೆ ಮುಗಿದಿದೆ. ಹೆಚ್ಚುವರಿ ಹಾಳೆ ಕೇಳಿಲ್ಲ.

ಪೆನ್ನಿಗೆ ಕ್ಯಾಪು ಹಾಕುತ್ತೇನೆ. ತೆಗೆಯುತ್ತೇನೆ.
ಪಕ್ಕದ ಇಂಗಳಗಿ ಸರ್ ಗುಟ್ಕಾ ದವಡೆಗೊತ್ತಿಕೊಂಡು
"ಕಥಿ ಬರದಾರೇನು? ಎರಡು ಹಾಕಿ ಮುಂದ ಹೋಗ್ರಿ ಮೇಡಂ" ಎನ್ನುತ್ತಾರೆ.
ಅವರು ಎದ್ದೆದ್ದು ಹೋಗಿ ಉಗುಳುವ ಮೂಲೆ
ಅವರ ಹೆಸರಿಗೆ ಯಾವತ್ತೂ ಅಂಟಿಲ್ಲ.

ನನ್ನ ಬ್ಯಾಗಿನಲ್ಲೂ ಒಂದು ಪಟ್ಟಿ ಇದೆ: ಹತ್ತು ಬಿಳಿ ಗುಳಿಗೆ.
ಅತಿಥಿ ಉಪನ್ಯಾಸಕಿಯಾಗಿ ಹನ್ನೆರಡನೆಯ ವರ್ಷಕ್ಕೆ ಕಾಲಿಟ್ಟ
ಜೂನಿನ ಒಂದು ರಾತ್ರಿ ಶುರುವಾದದ್ದು.
ಹನ್ನೆರಡು ವರ್ಷ ಅತಿಥಿ; ಮನೆಯವರು ಯಾರೆಂದು ಇನ್ನೂ ತಿಳಿದಿಲ್ಲ.
ಸೂಪರ್ ಮಾರ್ಕೆಟ್ಟಿನ ಡಾಕ್ಟರು ಬರೆದ ಚೀಟಿ
ಮಡಿಕೆಯಲ್ಲೇ ಹರಿದು ಎಷ್ಟೋ ದಿನವಾಯಿತು.
ಅಂಗಡಿಯ ರೇವಣಸಿದ್ಧ ಈಗ ಚೀಟಿ ಕೇಳುವುದಿಲ್ಲ,
"ನಿದ್ದಿ ಬರ್ತದಲ್ರಿ ಮೇಡಂ?" ಎಂದು ಕೇಳುತ್ತಾನೆ, ನೆಂಟನಂತೆ.
ಚೀಟಿ ಇದ್ದರೆ ಔಷಧ.
ಸೀರೆಗೆ ಇಸ್ತ್ರಿ ಇದ್ದರೆ ಚೀಟಿಯೂ ಬೇಡ.

ಮಾದರಿ ಉತ್ತರವನ್ನು ಮತ್ತೊಮ್ಮೆ ಓದಿದೆ.
ಮಾರುವವರ ಹೆಸರು ಇಲ್ಲ, ನಿಜ.
ಏಳೂವರೆ ಎಂದು ಬರೆದು, ಕಾಟು ಹೊಡೆದು, ಒಂಬತ್ತು ಎಂದು ಬರೆದೆ.
ತಿದ್ದಿದಲ್ಲಿ ಸಹಿ ಹಾಕಬೇಕು; ಹಾಕಿದೆ.
ಉಪಸಂಹಾರದ ಒಂದು ಅಂಕ ಕೊಡಲಿಲ್ಲ.
ಬಾಡಿಗೆ ಕೇಳಿದವನಿಗೆ ತಂಗಿ ಏನೆಂದಳೋ, ಹಾಳೆಯಲ್ಲಿಲ್ಲ.

ಮೂವತ್ತೆರಡನೆಯ ಪತ್ರಿಕೆ:
"ಸಮಾಜ ಒಪ್ಪಿದ ನಿಯಮಗಳನ್ನು ಮೀರಿದ ವರ್ತನೆಯೇ ವಿಚಲಿತ ವರ್ತನೆ."
ಗೈಡಿನ ಮಾತು, ಅಲ್ಪವಿರಾಮವೂ ತಪ್ಪಿಲ್ಲ.
ಕೆಂಪು ಪೆನ್ನು ತಾನಾಗಿ ಗೀಚಿತು:
ಸರಿ, ಸರಿ, ಸರಿ.